ಅಂದಾಜು ಮುನ್ನೂರು ಜನ

ನಗರಸಭೆಗೆ ಕೊಡುವ ಅನುಮತಿಯ ಅರ್ಜಿಯಲ್ಲಿ, ಸೇರಬಹುದಾದ ಜನರ ಅಂದಾಜು ಸಂಖ್ಯೆ ಎಂಬಲ್ಲಿಗೆ ಬಂದಾಗ ಮಹಾಂತೇಶ ಪೆನ್ನು ಹಿಡಿದು ಸುಮ್ಮನೆ ಕೂತ. ಚಳ್ಳಕೆರೆಯ ಹಳೇ ಎಣ್ಣೆಮಿಲ್ಲಿನ ಮುಂಭಾಗ ಕೆಡವಿ ಏಕಾಂತಪ್ಪನವರು ಕಟ್ಟಿಸಿದ್ದ ಹೊಸ ಸೀರೆ ಅಂಗಡಿಗೆ ಅವನು ಮ್ಯಾನೇಜರು. ಶುಕ್ರವಾರದ ಉದ್ಘಾಟನೆಗೆ ಟೀವಿ ಧಾರಾವಾಹಿಯ ನಟಿಯೊಬ್ಬಳು ಬರುವವಳಿದ್ದಳು. ಆಟೋಗೆ ಮೈಕು ಕಟ್ಟಿ ಮೊಳಕಾಲ್ಮುರು, ರಾಂಪುರದವರೆಗೂ ಕೂಗಿಸಿಯಾಗಿತ್ತು. ಮೊದಲು ಬಂದ ನೂರು ಹೆಂಗಸರಿಗೆ ಆಕೆಯ ಕೈಯಿಂದಲೇ ಸೀರೆ ಎಂದೂ ಕೂಗಿಸಿದ್ದರು. ಸರಿಯಾಗಿ ಎಷ್ಟು ಜನ ಬಂದಾರೋ ಅವನಿಗೆ ತಿಳಿಯದು. ಮೂರು ಸಾವಿರಕ್ಕೆ ಕಡಿಮೆಯಿಲ್ಲ ಎಂಬುದಂತೂ ಗೊತ್ತಿತ್ತು.

ಏಕಾಂತಪ್ಪನವರು ಮುನ್ನೂರು ಎಂದು ಬರೆಯಲು ಹೇಳಿ ಕಳಿಸಿದ್ದರು. ಹೆಚ್ಚು ಬರೆದರೆ ಬ್ಯಾರಿಕೇಡು, ಆಂಬುಲೆನ್ಸು, ಇನ್ನಷ್ಟು ಪೊಲೀಸರು ಎನ್ನುತ್ತಾರೆ. ಕೊನೆಗೆ ಈ ರಸ್ತೆ ಸಾಲದು, ಮೈದಾನಕ್ಕೆ ಹೋಗಿ ಎನ್ನುತ್ತಾರೆ. ಅಂಗಡಿ ಇಲ್ಲಿರುವಾಗ ಮೈದಾನದಲ್ಲಿ ರಿಬ್ಬನ್ನು ಕತ್ತರಿಸುವುದೇ ಎಂದು ಅವರು ನಕ್ಕಿದ್ದರು. ಮಹಾಂತೇಶ ಮುನ್ನೂರು ಎಂದೇ ಬರೆದ.

ಜಾಗ ನೋಡಲು ನಗರಸಭೆಯಿಂದ ಗಂಗಲಕ್ಷ್ಮಿ ಎಂಬ ಇಂಜಿನಿಯರು ಬಂದರು. ಟೇಪು ಹಿಡಿದು ರಸ್ತೆಯ ಅಗಲ ಅಳೆದರು. ಅಂಗಡಿಯ ಎದುರಿಗೆ ಉದ್ದಕ್ಕೂ ಗೋದಾಮಿನ ಗೋಡೆ. ಒಂದು ತುದಿಯನ್ನು ವೇದಿಕೆ ಮುಚ್ಚಿಬಿಡುತ್ತದೆ. ಇನ್ನೊಂದು ತುದಿಯಿಂದಲೇ ಜನ ಬರಬೇಕು, ಅಲ್ಲಿಂದಲೇ ಹೋಗಬೇಕು. ಅವರು ಅಂಗಡಿಯೊಳಗೆ ಹೋಗಿ ಹಿಂದಿನ ಶಟರಿನವರೆಗೂ ನಡೆದರು. ಅದರಾಚೆ ಮಿಲ್ಲಿನ ಅಂಗಳ, ಅಂಗಳದಾಚೆ ದೊಡ್ಡ ರಸ್ತೆ.

"ಮುನ್ನೂರೇ ಜನಾನಾ?" ಎಂದು ಕೇಳಿದರು.

"ಹೂಂ ಮೇಡಂ."

"ನೀವೇ ಬರೆದಿದ್ದಾ?"

ಅವನು ತಲೆಯಾಡಿಸಿದ. ಹಿಂದಿನ ಶಟರು ಕೊನೆಯವರೆಗೂ ತೆರೆದಿರಬೇಕು, ಹೇಳಿದ್ದಕ್ಕಿಂತ ಹೆಚ್ಚು ಜನ ಸೇರಿದರೆ ಕಾರ್ಯಕ್ರಮ ನಿಲ್ಲಿಸಬೇಕು ಎಂಬ ಷರತ್ತು ಬರೆದು, ಮುಚ್ಚಳಿಕೆಗೆ ಅವನ ಸಹಿ ಹಾಕಿಸಿಕೊಂಡ ಮೇಲೆ ಗಂಗಲಕ್ಷ್ಮಿ ಅನುಮತಿ ಕೊಟ್ಟರು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ರಸ್ತೆ ತುಂಬಿತ್ತು. ಹತ್ತರ ಹೊತ್ತಿಗೆ ವೇದಿಕೆಯ ಮೇಲೆ ನಿಂತ ಮಹಾಂತೇಶನಿಗೆ ನೆಲ ಕಾಣಿಸುತ್ತಿರಲಿಲ್ಲ. ಬರೀ ತಲೆಗಳು. ಒಬ್ಬರು ಅಲುಗಿದರೆ ಇಡೀ ರಸ್ತೆ ಅಲುಗುತ್ತಿತ್ತು. ಹೆಂಗಸರು ಮಕ್ಕಳನ್ನು ತಲೆಯ ಮೇಲೆತ್ತಿ ಹಿಡಿದಿದ್ದರು, ಕೆಳಗಿಳಿಸಲು ಜಾಗವಿರಲಿಲ್ಲ. ಮುನ್ನೂರು ಜನಕ್ಕೆಂದು ಬಂದಿದ್ದ ನಾಲ್ವರು ಪೊಲೀಸರು ಎಲ್ಲಿ ಕಳೆದುಹೋದರೋ, ಸೀಟಿಯ ಸದ್ದು ಮಾತ್ರ ಎಲ್ಲಿಂದಲೋ ಬರುತ್ತಿತ್ತು. ನಿಲ್ಲಿಸಬೇಕು ಎಂದುಕೊಂಡ. ಆದರೆ ಮೈಕಿನ ಕಡೆ ಹೋಗಲಿಲ್ಲ. ನಟಿ ಸಾಣಿಕೆರೆ ದಾಟಿದ್ದಾಳೆಂದು ಯಾರೋ ಮೈಕಿನಲ್ಲಿ ಹೇಳಿದರು. ಹಿಂದಿನಿಂದ ಜನ ಒತ್ತಿದರು.

ಆಗ ಫೋನು ಬಂತು. ರಾಂಪುರದಲ್ಲಿರಬೇಕಾಗಿದ್ದ ಅವನ ಅವ್ವ ಬೋರಕ್ಕ.

"ಮಾಂತೇಶ, ನಾನೂ ಬಂದಿದೀನಪ್ಪ. ಗೋಡೆ ತಾವ ಐದೀನಿ. ಉಸಿರಾಡಕ್ಕೆ ಆಗ್ತಿಲ್ಲ ಕಣಪ್ಪ."

ಅಷ್ಟಕ್ಕೇ ಕಡಿಯಿತು. ಮತ್ತೆ ಮಾಡಿದರೆ ಗಂಟೆ ಹೊಡೆದುಕೊಳ್ಳುತ್ತಿತ್ತು, ಯಾರೂ ಎತ್ತಲಿಲ್ಲ. ಗೋಡೆಯ ಉದ್ದಕ್ಕೂ ಕಣ್ಣು ಹಾಯಿಸಿದ. ಎಲ್ಲ ಮುಖಗಳೂ ಅವ್ವನ ಮುಖದಂತೆಯೇ ಕಂಡವು.

ಅವನು ವೇದಿಕೆಯ ಹಿಂದಿನಿಂದ ಹಾರಿ, ಪಕ್ಕದ ಸಂದಿಯ ಬಾಗಿಲಿನಿಂದ ಅಂಗಡಿಯೊಳಗೆ ಓಡಿದ. ಹಿಂದಿನ ಶಟರು ಇಳಿದಿತ್ತು, ಬೀಗ ಬಿದ್ದಿತ್ತು, ಅದಕ್ಕೆ ಒತ್ತಿ ಸೀರೆಯ ಗಂಟುಗಳನ್ನು ಎದೆಯೆತ್ತರ ಪೇರಿಸಲಾಗಿತ್ತು. ಕೀಲಿಗೊಂಚಲು ಅಲ್ಲೇ ನಿಂತಿದ್ದ ಏಕಾಂತಪ್ಪನವರ ಕೈಯಲ್ಲಿತ್ತು. ಮುಂದೆ ಹಿಂದೆ ಎರಡೂ ಕಡೆ ತೆಗೆದು ಜನವನ್ನು ಒಳಗಿನಿಂದ ಹಾಯಿಸಿಬಿಡೋಣ ಎಂದು ಅವನು ಒಂದೇ ಉಸಿರಿಗೆ ಹೇಳಿದ.

"ಹೊಸಾ ಸರಕು ಐತಲೇ. ಒಳಗ್ ಬಿಟ್ರೆ ಒಂದೂ ಉಳಿಯಲ್ಲ."

"ಸಾವ್ಕಾರ್ರೇ, ಜನ ಸಾಯ್ತಾರೆ. ಅಲ್ಲಿ ನೋಡ್ರಿ."

ಏಕಾಂತಪ್ಪನವರು ಮುಂದಿನ ಗಾಜಿನತ್ತ ತಿರುಗಿದರು. ಗಾಜಿಗೆ ಒಬ್ಬ ಹೆಂಗಸಿನ ಕೆನ್ನೆ ಅಪ್ಪಚ್ಚಿಯಾಗಿ ಅಂಟಿಕೊಂಡಿತ್ತು. ಕಣ್ಣು ತೆರೆದಿದ್ದವು, ಆದರೆ ಏನನ್ನೂ ನೋಡುತ್ತಿರಲಿಲ್ಲ. ಮಹಾಂತೇಶ ಗೊಂಚಲು ಕಿತ್ತುಕೊಂಡಾಗ ಏಕಾಂತಪ್ಪನವರ ಬೆರಳುಗಳು ತಡೆಯಲಿಲ್ಲ.

ಅಂಗಡಿಯ ಹುಡುಗಿಯರು ಗಂಟುಗಳನ್ನು ಎಳೆದೆಸೆದರು. ಮಹಾಂತೇಶ ಹಾಕಿದ ಮೊದಲ ಕೀಲಿ ಬೀಗಕ್ಕೆ ಕೂಡಲಿಲ್ಲ. ನಿರ್ಮಲಾ ಎಂಬ ಹುಡುಗಿ ಗೊಂಚಲು ಕಸಿದುಕೊಂಡು ತೆಗೆದಳು. ಹಿಂದಿನ ಶಟರು ಏರಿತು. ಮುಂಭಾಗದಲ್ಲಿ ಗಾಜಿಲ್ಲದ ಕಡೆಯ ಶಟರನ್ನು ಮೊದಲು ಮೊಣಕಾಲೆತ್ತರ ಎತ್ತಿದರು. ಕೆಳಗಿನಿಂದ ಕೈಗಳು ತೂರಿ ಬಂದವು. ಆ ಕೈಗಳೇ ಶಟರನ್ನು ಹಿಡಿದು ಮೇಲಕ್ಕೆತ್ತಿದವು. ಮೊದಲ ಸಾಲಿನವರು ಒಳಗೆ ಬಿದ್ದರು. ಹುಡುಗಿಯರು ಅವರನ್ನು ರಟ್ಟೆ ಹಿಡಿದು ಪಕ್ಕಕ್ಕೆಳೆದರು. ಬಿದ್ದವರ ಮೇಲೆ ಇನ್ನೊಬ್ಬರು ಬೀಳದಂತೆ ಎಳೆಯುವುದೊಂದೇ ಮಹಾಂತೇಶನ ತಲೆಯಲ್ಲಿತ್ತು. ಅಷ್ಟರಲ್ಲಿ ಪೇದೆಯೊಬ್ಬ ವೇದಿಕೆಗೆ ಹತ್ತಿ, ನಟಿ ಬರುವುದಿಲ್ಲ, ಹಿಂದಿನವರು ಮನೆಗೆ ಹೋಗಿ ಎಂದು ಕೂಗತೊಡಗಿದ. ಒತ್ತಡ ನಿಧಾನಕ್ಕೆ ಸಡಿಲಿತು.

ಜನ ಅಂಗಡಿಯ ನಡುವೆ ಹಾದುಹೋದರು. ಯಾರೂ ಸೀರೆಗೆ ಕೈ ಹಾಕಲಿಲ್ಲ, ತುಳಿದರಷ್ಟೇ. ಮಹಾಂತೇಶ ಪ್ರತಿಯೊಂದು ಮುಖವನ್ನೂ ನೋಡಿದ. ಅವ್ವ ಬರಲಿಲ್ಲ. ಕೊನೆಗೆ ಖಾಲಿಯಾದ ರಸ್ತೆಗೆ ಇಳಿದ. ರಾಶಿ ರಾಶಿ ಚಪ್ಪಲಿ, ಒಡೆದ ಬಳೆ. ಗೋಡೆಯ ಬುಡದಲ್ಲಿ ನಾಲ್ಕೈದು ಹೆಂಗಸರು ಕೂತಿದ್ದರು. ಅವರಲ್ಲಿ ಬೋರಕ್ಕನೂ ಇದ್ದಳು. ಕಿವಿ ಹರಿದು ರಕ್ತ ಕತ್ತಿಗಿಳಿದಿತ್ತು. ಗುರುತಿಲ್ಲದ ಇನ್ನೊಬ್ಬ ಮುದುಕಿಯ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಮಗ ಬಂದು ಮುಟ್ಟಿದರೂ ಬಿಡಲಿಲ್ಲ.

ಯಾರೂ ಸಾಯಲಿಲ್ಲ. ಹನ್ನೊಂದು ಜನ ಆಸ್ಪತ್ರೆ ಸೇರಿದರು. ಗಾಜಿಗೆ ಒತ್ತಿಕೊಂಡಿದ್ದ ಹೆಂಗಸಿನ ಎರಡು ಪಕ್ಕೆಲುಬು ಮುರಿದಿದ್ದವು.

ಗಂಗಲಕ್ಷ್ಮಿ ಮಿಲ್ಲಿನ ಅಂಗಳದಲ್ಲಿ ಕಡತ ಹಿಡಿದು ನಿಂತಿದ್ದರು. ಅವರ ತುಟಿಯೂ ಬಿಳಿಚಿತ್ತು. ಜನ ತಾವಾಗಿ ನುಗ್ಗಿದರು, ನಮಗೇನು ಗೊತ್ತಿತ್ತು ಎಂದು ಏಕಾಂತಪ್ಪನವರು ಅವರಿಗೆ ಹೇಳುತ್ತಿದ್ದರು. ಮಹಾಂತೇಶ ಹತ್ತಿರ ಹೋದ. ಜೈಲು ಎಂಬ ಮಾತು ತಲೆಯಲ್ಲಿ ಸುತ್ತುತ್ತಿತ್ತು.

"ಮೇಡಂ, ಮೂರು ಸಾವಿರ ಬರ್ತಾರೆ ಅಂತ ನಂಗೆ ಗೊತ್ತಿತ್ತು. ಸಾವ್ಕಾರ್ರಿಗೂ ಗೊತ್ತಿತ್ತು."

ಗಂಗಲಕ್ಷ್ಮಿ ಕಡತದಿಂದ ಒಂದು ಬಿಳಿ ಹಾಳೆ ತೆಗೆದು ಅವನ ಮುಂದೆ ಚಾಚಿದರು. "ಹಾಗಂತಲೇ ಬರೆದುಕೊಡಿ," ಎಂದರು.

ಅವನು ಬರೆದುಕೊಟ್ಟ. ಅಂಗಡಿಯ ಕೆಲಸ ಅಲ್ಲಿಗೆ ಹೋಯಿತು. ಠಾಣೆಯಲ್ಲಿ ಹೇಳಿಕೆ ತೆಗೆದುಕೊಂಡು, ಕರೆದಾಗ ಬರಬೇಕು ಎಂದು ಸಂಜೆ ಬಿಟ್ಟರು.

ಅವ್ವನನ್ನು ಊರಿಗೆ ಕರೆದೊಯ್ಯಲು ಬಸ್ ನಿಲ್ದಾಣಕ್ಕೆ ಬಂದ. ಬಳ್ಳಾರಿ ಬಸ್ಸು ಬಂದು ನಿಂತಿತು. ಜನ ಬಾಗಿಲಿಗೆ ಮುತ್ತಿಕೊಂಡರು. ಮಹಾಂತೇಶ ಎರಡು ಹೆಜ್ಜೆ ಇಟ್ಟವನು ಹಾಗೇ ನಿಂತುಬಿಟ್ಟ. ಬೆನ್ನಿಗೆ ಯಾರದೋ ಮೊಣಕೈ ತಾಗಿತು. ಅವ್ವನ ತೋಳು ಹಿಡಿದು ಹಿಂದಕ್ಕೆ ಸರಿದ. ಆ ಬಸ್ಸು ಹೋಯಿತು. ಮುಂದಿನದೂ ಹೋಯಿತು. ಬೋರಕ್ಕ ಕಿವಿಗೆ ಹತ್ತಿ ಒತ್ತಿಕೊಂಡು ಕಲ್ಲುಬೆಂಚಿನ ಮೇಲೆ ಕೂತಳು, ಪಕ್ಕದಲ್ಲಿ ಅವನಿಗೂ ಜಾಗ ಬಿಟ್ಟಳು.