ಕಚ್ಚಿಸಿ ನೋಡುವ ಮಾವ

ನಮ್ಮ ಕುರ್ಚಿ ಮಾವ ಯಾರ ಮನೆಗೆ ಹೋದರೂ ಕೂರುವ ಮುನ್ನ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡುತ್ತಿದ್ದರು. ಮನೆಯವರು "ಬನ್ನಿ, ಕೂತ್ಕೊಳ್ಳಿ" ಎಂದು ಕೈ ತೋರಿಸಿ ನೀರು ತರಲು ಒಳಗೆ ಹೋಗುವಷ್ಟರಲ್ಲಿ ಇವರು ಆ ಕುರ್ಚಿಯನ್ನು ಎರಡು ಕೈಗಳಿಂದ ಎತ್ತಿ, ಮಲಗಿದ ಕೂಸನ್ನು ಮಗ್ಗುಲು ಬದಲಿಸುವಷ್ಟು ಮೃದುವಾಗಿ ಮಗುಚಿ, ಅಡಿಯ ಸಂದುಗಳನ್ನೆಲ್ಲ ಬೆರಳಿನಿಂದ ಸವರಿ, ಮೂಗಿನಲ್ಲೇ ಒಂದು "ಹ್ಞೂಂ" ಹೊರಡಿಸಿ, ಮತ್ತೆ ನೆಟ್ಟಗೆ ನಿಲ್ಲಿಸಿ, ಏನೂ ನಡೆದೇ ಇಲ್ಲವೆಂಬಂತೆ ಕೂತಿರುತ್ತಿದ್ದರು. ಆ ಹ್ಞೂಂಕಾರ ಉದ್ದವಾಗಿದ್ದರೆ ಮಾಡಿದವನು ಬಲ್ಲವನು. ತುಂಡಾಗಿದ್ದರೆ ಎಲ್ಲೋ ಮೊಳೆ ಹೊಡೆದು ಕೈತೊಳೆದುಕೊಂಡಿದ್ದಾನೆ ಎಂದರ್ಥ. ಮೊಳೆ ಹೊಡೆದ ಕುರ್ಚಿಯಲ್ಲಿ ಅವರು ಅಂಚಿನಲ್ಲಷ್ಟೇ ಕೂರುತ್ತಿದ್ದರು. ಮದುವೆಗೆ ಮೊದಲು ಅತ್ತೆಯ ತವರಿಗೆ ಹೋದ ದಿನವೂ ಈ ಪರೀಕ್ಷೆ ತಪ್ಪಲಿಲ್ಲವಂತೆ. "ನನ್ನ ಮುಖ ಆಮೇಲೆ ನೋಡಿದ್ರು. ಮೊದ್ಲು ನೋಡಿದ್ದು ನಮ್ಮಪ್ಪನ ಕುರ್ಚಿ" ಎಂದು ಅತ್ತೆ ಈಗಲೂ ಮುಖ ಸಿಂಡರಿಸುತ್ತಾರೆ. ಅವತ್ತು ಹ್ಞೂಂಕಾರ ಉದ್ದವಾಗಿತ್ತೋ ಇಲ್ಲವೋ ಎಂಬುದನ್ನು ಮಾತ್ರ ಇಬ್ಬರೂ ಬಾಯಿಬಿಟ್ಟು ಹೇಳಿದವರಲ್ಲ.

ಮಾವನೆಂದರೆ ನನ್ನ ತಾಯಿಯ ತಮ್ಮ. ಕುರ್ಚಿ ಅವರ ಹೊಟ್ಟೆಪಾಡಾಗಿರಲಿಲ್ಲ. ಹೊಟ್ಟೆಪಾಡಿಗೆ ಅವರು ಮಾಡುತ್ತಿದ್ದುದು ಹಲ್ಲು. ದಂತವೈದ್ಯರೊಬ್ಬರ ಚಿಕಿತ್ಸಾಲಯದ ಹಿಂದೆ, ಒಂದೇ ಕಿಟಕಿಯ ಕೋಣೆಯಲ್ಲಿ ಮೂವತ್ತೆಂಟು ವರ್ಷ ಕೂತು ಊರಿನ ಅರ್ಧಕ್ಕರ್ಧ ವೃದ್ಧರ ಬಾಯಿಗೆ ಕಟ್ಟುಹಲ್ಲು ಮಾಡಿಕೊಟ್ಟವರು. ಆ ವೃದ್ಧರ ಮುಖವನ್ನು ಅವರು ಕಂಡದ್ದಿಲ್ಲ. ಅವರಿಗೆ ಪರಿಚಯವಿದ್ದುದು ಬಿಳಿಯ ಪ್ಲಾಸ್ಟರಿನಲ್ಲಿ ಮೂಡಿದ ವಸಡುಗಳು ಮಾತ್ರ. ಬೀದಿಯಲ್ಲಿ ಯಾರಾದರೂ ಬಾಯ್ತುಂಬ ನಕ್ಕರೆ ಥಟ್ಟನೆ ನಿಂತು "ಅದು ನಂದು" ಎಂದುಬಿಡುವರು. ಜೊತೆಯಲ್ಲಿದ್ದ ನಮಗೆ ಎಲ್ಲಿ ಮುಖ ಮುಚ್ಚಿಕೊಳ್ಳುವುದೆಂದು ತಿಳಿಯುತ್ತಿರಲಿಲ್ಲ. ಆ ಇಕ್ಕಟ್ಟಿನ ಕೋಣೆಯ ಮೇಜುಗಳ ನಡುವೆ ಓಡಾಡಿ ಓಡಾಡಿ, ವಿಶಾಲವಾದ ಖಾಲಿ ರಸ್ತೆಯಲ್ಲೂ ಅವರು ಬಲಭುಜ ಮುಂದು ಮಾಡಿಕೊಂಡು ಓರೆಯಾಗಿಯೇ ನಡೆಯುತ್ತಿದ್ದರು. ಸಂಜೆ ಮನೆಗೆ ಬಂದು, ಒಂದು ಲೋಟ ಚಹಾ ಕುಡಿದು, ಕೆಲಸದ ಬಿಳಿಯ ಕೋಟಿನಲ್ಲೇ ಹಿತ್ತಲಿನ ತಗಡಿನ ಮಾಡಿನ ಕೆಳಗೆ ಹೊಕ್ಕರೆಂದರೆ, ಊಟಕ್ಕೆ ಮೂರು ಸಲ ಕರೆಯುವ ತನಕ ಅವರು ಈ ಲೋಕದವರಲ್ಲ. ಅಲ್ಲಿ ಅವರು ಕುರ್ಚಿ ಮಾಡುತ್ತಿದ್ದರು, ವರ್ಷಕ್ಕೆ ನಾಲ್ಕೋ ಐದೋ. ಯಾರಿಗೂ ಮಾರಿದವರಲ್ಲ. ನಮ್ಮ ಬಂಧುಬಳಗದಲ್ಲಿ ಅವರ ಕುರ್ಚಿ ಇಲ್ಲದ ಮನೆಯಿಲ್ಲ.

"ಹಲ್ಲಾದ್ರೂ ಅಷ್ಟೆ, ಕುರ್ಚಿಯಾದ್ರೂ ಅಷ್ಟೆ" ಎನ್ನುತ್ತಿದ್ದರು. "ಇದೆ ಅನ್ನೋದೇ ಮರೆತುಹೋಗ್ಬೇಕು. ನೆನಪಾಯ್ತು ಅಂದ್ರೆ ಎಲ್ಲೋ ಒತ್ತುತ್ತಾ ಇದೆ ಅಂತ."

ಹಲ್ಲಿನ ಕೋಣೆಯಿಂದ ಅವರು ಹಿತ್ತಲಿಗೆ ತಂದ ವಿದ್ಯೆ ಒಂದಿತ್ತು. ಹೊಸ ಹಲ್ಲು ಎಲ್ಲಿ ಎತ್ತರವಾಗಿದೆ ಎಂದು ತಿಳಿಯಲು ದಂತವೈದ್ಯರು ತೆಳ್ಳನೆಯ ನೀಲಿ ಕಾಗದವೊಂದನ್ನು ಬಾಯಲ್ಲಿಟ್ಟು ಕಚ್ಚಿಸುತ್ತಾರೆ. ಎಲ್ಲಿ ನೀಲಿ ಹತ್ತಿತೋ ಅಲ್ಲಿ ಉಜ್ಜಬೇಕು. ಮಾವ ಆ ಕಾಗದವನ್ನು ಕುರ್ಚಿಗೆ ಹಚ್ಚಿದರು. ಮರದ ಒಂದು ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ ಇನ್ನೊಂದರ ಗುಳಿಯೊಳಗೆ ಕೂರಿಸುವುದಲ್ಲವೇ ಕುರ್ಚಿಯ ಜೀವಾಳ? ಆ ನಾಲಿಗೆಗೆ ನೀಲಿ ಕಾಗದ ಸುತ್ತಿ, ಗುಳಿಗೆ ತೂರಿಸಿ, ಹೊರಗೆಳೆದು, ನೀಲಿ ಕಂಡಲ್ಲಿ ಉಳಿಯಿಂದ ಒಂದು ಪದರ ತೆಗೆದು, ಮತ್ತೆ ತೂರಿಸಿ, ಹೀಗೆ ಹತ್ತು ಸಲ, ಇಪ್ಪತ್ತು ಸಲ, ಬೇಸರವೆಂಬುದನ್ನೇ ಅರಿಯದ ಅಪಾರ ತಾಳ್ಮೆಯಿಂದ ಮಾಡುತ್ತಿದ್ದರು. ಕಾಲಾಂತರದಲ್ಲಿ ಈ ಕೆಲಸದ ಮಾತು ಅವರ ಎಲ್ಲ ಮಾತಿಗೂ ಹತ್ತಿಕೊಂಡಿತು. ಹೊಸ ಚಪ್ಪಲಿಯಾಗಲಿ, ಬಾಡಿಗೆಗೆ ಬಂದ ನೆರೆಯವರಾಗಲಿ, ಕೊನೆಗೆ ಮಗಳು ಮೆಚ್ಚಿ ಕರೆತಂದ ಹುಡುಗನಾಗಲಿ, ಅವರ ಅಭಿಪ್ರಾಯ ಒಂದೇ: "ಕಚ್ಚಿಸಿ ನೋಡೋಣ."

ಅವರ ಕಾಯಿಲೆಯ ಮೊದಲ ಸುಳಿವು ಸಿಕ್ಕಿದ್ದೂ ಆ ಹಿತ್ತಲಿನಲ್ಲೇ. ಕುರ್ಚಿಯ ಹಿಂಗಾಲುಗಳು ಎಡ ಬಲ ಎಂದು ಜೋಡಿ; ಗುಳಿಗಳು ಒಂದನ್ನೊಂದು ನೋಡುವಂತಿರಬೇಕು. ಒಂದು ದಿನ ಮಾವ ಎರಡನ್ನೂ ಬಲಗಾಲೇ ಮಾಡಿಟ್ಟಿದ್ದರು. ಮಾಡಿ ಮುಗಿಸಿ, ಎದುರುಬದುರು ಹಿಡಿದು, ಬಹಳ ಹೊತ್ತು ನೋಡಿ, ಗಹಗಹಿಸಿ ನಕ್ಕರು. ವಾರದ ಬಳಿಕ ಮತ್ತೆ ಎರಡು ಬಲಗಾಲು ಮಾಡಿದಾಗ ನಗಲಿಲ್ಲ. ಆಮೇಲೆ ಸಾಲುಸಾಲಾಗಿ ಬಂದವು: ತಿರುಗಿ ಬರುವ ದಾರಿ ತಪ್ಪಿದ್ದು, ತಂಗಿಯ ಹೆಸರು ನಾಲಿಗೆಯ ತುದಿಯಿಂದ ಹಿಂದೆ ಸರಿದದ್ದು, ಒಂದೇ ಪ್ರಶ್ನೆಯನ್ನು ಊಟದ ಹೊತ್ತಿಗೆ ಏಳು ಸಲ ಕೇಳಿದ್ದು. ನರರೋಗದ ವೈದ್ಯರ ಬಳಿಗೆ ಅವರನ್ನು ಕರೆದುಕೊಂಡು ಹೋದವನು ನಾನು. ವೈದ್ಯರು ಅಲ್ಜೈಮರ್ಸ್ ಎಂದರು. ಮೆಲ್ಲಮೆಲ್ಲನೆ ನೆನಪು ಅಳಿಯುತ್ತ ಹೋಗುತ್ತದೆ, ಔಷಧಿ ತುಸು ತಡೆಯಬಹುದಷ್ಟೆ ಎಂದರು. ಮಾವ ಗಿರಾಕಿಯ ದೂರು ಆಲಿಸುವವರಂತೆ ಎಲ್ಲವನ್ನೂ ಕೇಳಿಸಿಕೊಂಡರು.

"ಕೈ ಹೋಗುತ್ತಾ?" ಎಂದು ಕೇಳಿದರು.

"ಅದು ಬಹಳ ಕೊನೆಗೆ" ಎಂದರು ವೈದ್ಯರು.

"ಹಾಗಾದ್ರೆ ಸರಿ. ಮೊದ್ಲು ಹೋಗೋದು ಮೊದ್ಲು ಹೋಗ್ಲಿ, ನಾನು ಕೆಲಸ ಬಿಡಲ್ಲ" ಎಂದು ಎದ್ದು, ಬಲಭುಜ ಮುಂದು ಮಾಡಿಕೊಂಡು ಬಾಗಿಲು ದಾಟಿದರು.

ಅಷ್ಟು ಸುಲಭವಾಗಿ ಅದು ಸರಿಹೋಗಲಿಲ್ಲ. ಒಂದು ಮಧ್ಯಾಹ್ನ ವಿದ್ಯುತ್ ಗರಗಸವನ್ನು ಹಾಗೇ ತಿರುಗಲು ಬಿಟ್ಟು ಬಂದು ಊಟಕ್ಕೆ ಕೂತರು. ಅಂದು ಮನೆಯಲ್ಲಿದ್ದವಳು ಮಗಳು. ಅವಳು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸು. ಬೆರಳು ಕಳೆದುಕೊಂಡವರನ್ನು ವಾರಕ್ಕೊಬ್ಬರಂತೆ ಕಾಣುವವಳು. ಆ ಸದ್ದು ಕೇಳಿ ಅವಳು ಓಡಿಹೋಗಿ ಗರಗಸ ನಿಲ್ಲಿಸಿದಳು. ಸಂಜೆಯೊಳಗೆ ಹೊಸ ಬೀಗ ತಂದಳು. ಅವಳದು ತಪ್ಪೆಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆದರೆ ಅತ್ತೆಗೆ ಇನ್ನೊಂದು ಸತ್ಯ ಗೊತ್ತಿತ್ತು. ಮನೆಯೊಳಗೆ ಮಾವ ಆಗಲೇ ಅತಿಥಿಯಂತಾಗಿದ್ದರು, ಯಾವ ಗುಂಡಿ ಒತ್ತಿದರೆ ಯಾವ ದೀಪವೆಂದು ತಿಳಿಯದೆ, ಕೂತಲ್ಲೇ ಕೂತು "ನಾವಿನ್ನು ಹೊರಡೋಣ್ವಾ?" ಎನ್ನುತ್ತಿದ್ದರು. ಹಿತ್ತಲಿಗೆ ಕಾಲಿಟ್ಟ ಕ್ಷಣವೇ ಬೆನ್ನು ನೆಟ್ಟಗಾಗಿ ಯಜಮಾನರಾಗುತ್ತಿದ್ದರು. ಅಲ್ಲಿಗೆ ಬೀಗ ಬಿದ್ದರೆ ತನ್ನ ಗಂಡ ಎಂಬುವನೇ ಉಳಿಯುವುದಿಲ್ಲ ಎಂದು ಅತ್ತೆ ಹೆದರಿದರು.

"ಮೆಷಿನ್ ಎಲ್ಲಾ ಯಾರಿಗಾದ್ರೂ ಕೊಟ್ಟುಬಿಡು" ಎಂದರು ಮಾವ ಮಗಳಿಗೆ. "ಉಳಿ, ಕೀಸುಳಿ, ಕೈಗರಗಸ ಸಾಕು. ಒಂದು ಕುರ್ಚಿ ಮಾಡಿ ತೋರಿಸ್ತೀನಿ. ನೀನೇ ಕೂತು ನೋಡು."

ಮಗಳು ಒಪ್ಪಿದಳು, ಆದರೆ ನರ್ಸಮ್ಮನ ಕಟ್ಟಪ್ಪಣೆಯೊಂದಿಗೆ: ಅವರನ್ನು ಅಲ್ಲಿ ಒಬ್ಬರನ್ನೇ ಬಿಡಬಾರದು, ಮೂರು ತಿಂಗಳು ಕಾಲಾವಕಾಶ, ಕುರ್ಚಿ ಅಲ್ಲಾಡಿತೋ, ಬೀಗ. ಬೀಗವನ್ನು ಕೈಚೀಲದಲ್ಲೇ ಇಟ್ಟುಕೊಂಡು ಹೋದಳು.

ಹೀಗೆ ಮೂವತ್ತು ವರ್ಷಗಳಿಂದ ಮರದ ಪುಡಿಗೆ ಸೀನು ಬರುತ್ತದೆಂದು ಆ ಕಡೆ ತಲೆ ಹಾಕಿಯೂ ಮಲಗದಿದ್ದ ಅತ್ತೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಹಿತ್ತಲಿಗೆ ಹಾಜರಾದರು. ಮಾವನ ಕೈ ಎಲ್ಲವನ್ನೂ ಬಲ್ಲುದು, ಆದರೆ ಮುಂದೇನು ಎಂಬುದು ಜಾರಿಹೋಗುತ್ತಿತ್ತು. ನಿನ್ನೆ ಕೂರಿಸಿದ ನಾಲಿಗೆಯನ್ನೇ ಇಂದು ಮತ್ತೆ ಕೆತ್ತಲು ಹೊರಡುವರು. ಅತ್ತೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಒಂದು ವಾರ ನೋಡಿ, ತಮ್ಮದೇ ಒಂದು ಕಾನೂನು ಕಂಡುಹಿಡಿದು, ಗೋಡೆಗೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದರು: ನೀಲಿ ಹತ್ತಿದರೆ ತೆಗೆಯುವುದು, ಹತ್ತದಿದ್ದರೆ ಮುಟ್ಟಬಾರದು. ಅದು ಮಂತ್ರದಂತೆ ಫಲಿಸಿತು. ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ ಎಂದು ಮಾವ ನೆನಪಿಡಬೇಕಾಗಿಯೇ ಇರಲಿಲ್ಲ. ಕಚ್ಚಿಸಿ ನೋಡಿದರೆ ಮರವೇ ಹೇಳುತ್ತಿತ್ತು. ಎರಡು ತಿಂಗಳಿಗೆ ಹದಿನಾರು ಸಂದುಗಳೂ, ಕೂದಲು ತೂರದಂತೆ, ಕೂತವು. ಅತ್ತೆ ನನಗೆ ಫೋನು ಮಾಡಿ ಬೀಗುತ್ತಿದ್ದ ಬೀಗುವಿಕೆ ಕೇಳಬೇಕಿತ್ತು.

ಎಡವಟ್ಟಾದದ್ದು ಕೊನೆಯ ಹಂತದಲ್ಲಿ. ನಾಲ್ಕು ಕಾಲುಗಳೂ ನೆಲಕ್ಕೆ ಸಮನಾಗಿ ಊರಬೇಕಲ್ಲ. ಅದಕ್ಕೆ ಮಾವ ಚಪ್ಪಟೆ ಕಲ್ಲೊಂದರ ಮೇಲೆ ಕುರ್ಚಿ ನಿಲ್ಲಿಸಿ ಪ್ರತಿ ಕಾಲಿನಡಿಗೂ ನೀಲಿ ಕಾಗದ ಇಡುತ್ತಿದ್ದರು. ಇಲ್ಲಿ ಲೆಕ್ಕ ತಿರುಗುಮುರುಗು: ನಾಲ್ಕಕ್ಕೂ ನೀಲಿ ಹತ್ತಿತೆಂದರೆ ಕೆಲಸ ಮುಗಿಯಿತು. ಅತ್ತೆಗೆ ಅದು ಹೇಗೆ ಗೊತ್ತಾಗಬೇಕು? ಅವರ ಕಾನೂನಿನಲ್ಲಿ ನೀಲಿ ಹತ್ತಿದರೆ ತೆಗೆಯುವುದು. ನಿಂತ ಕುರ್ಚಿಗೆ ನೀಲಿ ಹತ್ತದೆ ಇದ್ದೀತೇ? ದಿನಾ ಹತ್ತಾರು ಸಲ ಹತ್ತಿತು, ದಿನಾ ಅತ್ತೆ ತೆಗೆಯಿರಿ ಎಂದರು, ಮಾವ ದಿನಾ ಹೊಸದಾಗಿ, ನಾಲ್ಕು ಕಾಲಿನಿಂದಲೂ ಸಮವಾಗಿ, ಅತ್ಯಂತ ನಾಜೂಕಾಗಿ ತೆಗೆದರು. ಒಂದೆರಡು ಸಲ "ಮತ್ತೆಯಾ?" ಎಂದು ತಡೆದರಂತೆ, ಅತ್ತೆ ಗೋಡೆಯ ಕಡೆ ಬೆರಳು ತೋರಿಸಿದರಂತೆ. ಪರೀಕ್ಷೆಯ ದಿನ ಕುರ್ಚಿಯನ್ನು ಹಜಾರಕ್ಕೆ ತಂದು ಹಳೆಯ ಕುರ್ಚಿಯ ಪಕ್ಕ ಇಟ್ಟಾಗಲೇ ಅತ್ತೆಗೆ ಕಂಡದ್ದು, ಹೊಸದು ಒಂದು ಗೇಣು ಗಿಡ್ಡ.

ಮಗಳು ಬಂದಳು. ನಾನೂ ಇದ್ದೆ. ಅವಳು ಕುರ್ಚಿಯನ್ನು ನೋಡಿ, ಅಮ್ಮನನ್ನು ನೋಡಿ, ಅದರ ಮೇಲೆ ಕೂತಳು. ಅವಳ ಮೊಣಕಾಲುಗಳು ಎದೆಯ ಮಟ್ಟಕ್ಕೆ ಬಂದವು. ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು, ಹಿಂದಕ್ಕೆ ಒರಗಿ ಭಾರ ಹಾಕಿದಳು. ಕುರ್ಚಿ ಮಿಸುಕಲಿಲ್ಲ. ಆದರೂ ಅವಳ ಕೈ ಕೈಚೀಲದ ಮೇಲೇ ಇತ್ತು. ಅತ್ತೆಯ ಸಹನೆಯ ಕಟ್ಟೆ ಅಲ್ಲಿಗೆ ಒಡೆಯಿತು.

"ಅವ್ರ ತಪ್ಪಲ್ಲ ಕಣೇ. ತೆಗೀರಿ ತೆಗೀರಿ ಅಂದಿದ್ದು ನಾನು. ಕಾಲು ಗಿಡ್ಡ ಮಾಡಿದ್ದು ನಾನು. ಬೀಗ ಹಾಕೋದಾದ್ರೆ ನನ್ನ ಬಾಯಿಗೆ ಹಾಕು" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು.

ಅಷ್ಟು ಹೊತ್ತು ಕಿಟಕಿಯ ಬಳಿ ನಿಂತಿದ್ದ ಮಾವ ಓರೆನಡಿಗೆಯಲ್ಲಿ ನಡುವೆ ಬಂದರು. ಮಗಳನ್ನು ಯಾರೋ ದೊಡ್ಡ ಅಧಿಕಾರಿ ಎಂದುಕೊಂಡರೋ ಏನೋ, ಕೋಟಿನ ಗುಂಡಿ ಹಾಕಿಕೊಂಡು ಗೌರವದಿಂದಲೇ ಹೇಳಿದರು: "ಇವ್ರನ್ನ ಬೈಬೇಡಿ. ಹೊಸಬರು. ಮೊದಲ ಕುರ್ಚಿ ಎಲ್ಲರದ್ದೂ ಹೀಗೇ ಆಗೋದು. ನಂದೂ ಕೆಟ್ಟಿತ್ತು." ಬಳಿಕ ಅತ್ತೆಯ ಕಡೆ ತಿರುಗಿ, "ಶ್ರದ್ಧೆ ಇದೆ ನಿಮ್ಮಲ್ಲಿ. ನಾಳೆ ಬನ್ನಿ, ಹತ್ತು ಗಂಟೆಗೆ" ಎಂದರು.

ನಲವತ್ತೊಂದು ವರ್ಷ ಜೊತೆಗೆ ಬಾಳಿದವಳ ಗುರುತು ಮಾವನಿಗೆ ಸಿಕ್ಕದೆ ಹೋದದ್ದು ಅದೇ ಮೊದಲ ಸಲ, ಅದೂ ನಮ್ಮೆಲ್ಲರ ಕಣ್ಣೆದುರಿಗೆ. ಅತ್ತೆ ಸೆರಗು ಕೆಳಗಿಳಿಸಿ, ಒಂದು ಗಳಿಗೆ ಅವರ ಮುಖವನ್ನೇ ನೋಡಿ, "ಬರ್ತೀನಿ" ಎಂದರು. ಮಗಳು ಎದ್ದವಳೇ ತಂದೆಯನ್ನು ತಬ್ಬಿಕೊಂಡು ಅತ್ತಳು. ಬೀಗದ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಆ ಗಿಡ್ಡ ಕುರ್ಚಿಯನ್ನು ಅವಳೇ ತನ್ನ ಮನೆಗೆ ಒಯ್ದು, ಕೆಲಸಕ್ಕೆ ಹೊರಡುವಾಗ ಬೂಟು ಹಾಕಿಕೊಳ್ಳಲು ಇಂಥದ್ದೇ ಬೇಕಾಗಿತ್ತು ಎನ್ನುತ್ತಾಳೆ.

"ಅವತ್ತು ತುಂಬಾ ನೋವಾಯ್ತು, ಸುಳ್ಳು ಹೇಳಲ್ಲ" ಎಂದು ಅತ್ತೆ ನನ್ನೊಡನೆ ಅಂದದ್ದುಂಟು. "ಆದ್ರೆ ನೋಡು, ಇಷ್ಟು ವರ್ಷದಲ್ಲಿ ನನಗೆ ಶ್ರದ್ಧೆ ಇದೆ ಅಂತ ಆ ಮನುಷ್ಯ ಅಂದಿದ್ದು ಅದೇ ಮೊದ್ಲು." ಅಂದಿನಿಂದ ಅವರಿಬ್ಬರೂ ಮೂರು ಕುರ್ಚಿ ಮುಗಿಸಿದ್ದಾರೆ. ಎತ್ತರ ಸರಿಯಾಗಿದೆ. ಕೆಲವು ಬೆಳಿಗ್ಗೆ ಅತ್ತೆ ಹೆಂಡತಿ, ಕೆಲವು ಬೆಳಿಗ್ಗೆ ಹೊಸಬರು. ಯಾವುದಾದರೂ ಅವರು ಹತ್ತಕ್ಕೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ.

ಒಂದು ಕೆಲಸವನ್ನು ಪ್ರತಿಫಲದ ಹಂಗಿಲ್ಲದೆ, ಕೇವಲ ಅದರ ಮೇಲಿನ ಅನುರಾಗದಿಂದ, ಜೀವಮಾನವೆಲ್ಲ ಮಾಡಿದ ಇನ್ನೂ ಕೆಲವರನ್ನು ನಾನು ಕಂಡಿದ್ದೇನೆ. ಅಂಥವರ ವಿದ್ಯೆ ತಲೆಯಿಂದ ಇಳಿದು ಕೈಯಲ್ಲಿ ಮನೆಮಾಡಿರುತ್ತದೆ, ಇದನ್ನು ಎಲ್ಲರೂ ಹೇಳುತ್ತಾರೆ. ನಾನು ಮಾವನಲ್ಲಿ ಕಂಡದ್ದು ಇನ್ನೂ ಒಂದು ಹೆಜ್ಜೆ ಮುಂದಿನದು. ತಾನು ಯಾರು, ಎದುರಿಗಿರುವವರು ಯಾರು ಎಂಬುದೆಲ್ಲ ಅಳಿದ ಮೇಲೂ, ತಪ್ಪು ಮಾಡಿದ ಹೊಸಬರ ಪರವಾಗಿ ಒಂದು ಮಾತು ಆಡಬೇಕು, ಅವರನ್ನು ನಾಳೆಯೂ ಬನ್ನಿ ಎಂದು ಕರೆಯಬೇಕು ಎಂಬುದು ಅಂಥವರಿಗೆ ಮರೆಯುವುದಿಲ್ಲ.