ಎರಡನೇ ಕಾಲುಚೀಲ

ಹದಿನೇಳನೆಯ ಸುತ್ತಿನಲ್ಲಿ ಕುಣಿಕೆ ಮತ್ತೆ ಜಾರಿತು. ಜಾರಿದ್ದು ಗೇಜಪ್ಪನ ಬೆರಳಿಗೆ ಗೊತ್ತಾಗಲಿಲ್ಲ. ಮುಂದೆ ನಾಲ್ಕು ಕುಣಿಕೆ ಹೆಣೆದು ಐದನೆಯದಕ್ಕೆ ಕಡ್ಡಿ ತೂರಿಸುವಾಗ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಅದು ಕೆಳಗಿನ ಸುತ್ತಿಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಏಣಿ ಇಳಿಯುವಂತೆ ಇಳಿದುಹೋಗಿತ್ತು.

"ಥತ್!" ಎಂದು ನಾಲ್ಕೂ ಕಡ್ಡಿ ಸಮೇತ ಹೆಣಿಗೆಯನ್ನು ಅಡುಗೆಮನೆಯ ಮೇಜಿನ ಮೇಲೆ ಒಗೆದ. ಉಣ್ಣೆಯ ಉಂಡೆ ಉರುಳಿ ಕುರ್ಚಿಯ ಕೆಳಗೆ ಸೇರಿಕೊಂಡಿತು.

ಒಲೆಯ ಮುಂದಿದ್ದ ಹೆಂಡತಿ ತಿರುಗಿಯೂ ನೋಡಲಿಲ್ಲ. "ಅದೇನು ಮಾಡಿತ್ತು ಪಾಪ?"

"ಮೂರು ಕಡ್ಡಿ ಮೇಲೆ ಅರವತ್ತು ಕುಣಿಕೆ ಹಿಡ್ಕೊಂಡು ನಾಲ್ಕನೇದ್ರಲ್ಲಿ ಹೆಣೀಬೇಕಂತೆ. ಇದನ್ನ ಕಂಡುಹಿಡಿದೋನಿಗೆ ಎಂಟು ಕೈ ಇತ್ತೇನೋ."

"ಎರಡೇ ಇತ್ತು. ಬಾಯಿ ಮಾತ್ರ ಮುಚ್ಕೊಂಡಿದ್ದ."

ಗೇಜಪ್ಪ ಎಂಬುದು ಕಾರ್ಖಾನೆಯವರು ಇಟ್ಟ ಹೆಸರು. ಬಸ್ಸು ಲಾರಿಗಳ ಬ್ರೇಕಿನೊಳಗೆ ಕೂರುವ ಕಿರುಬೆರಳುದ್ದದ ಉಕ್ಕಿನ ಪಿನ್ನುಗಳನ್ನು ಇಪ್ಪತ್ತಾರು ವರ್ಷದಿಂದ ಅಳೆದು ನೋಡಿ ಪಾಸು ಮಾಡುವ ಕೆಲಸ ಅವನದು. ಮದುವೆಯ ದಿನವೂ ಅವನ ಜೇಬಿನಲ್ಲಿ ಅಳತೆಯ ಗೇಜು ಇತ್ತೆಂದು ಗೆಳೆಯರು ಹೇಳುವ ಮಾತು ಸುಳ್ಳೇನಲ್ಲ. ಮೈಕ್ರೋಮೀಟರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿರುಗಿಸುವಾಗ ಎಲ್ಲಿ ನಿಲ್ಲಿಸಬೇಕೆಂಬ ಹದವೊಂದಿದೆ. ಅದು ಅಂಕಿಗಿಂತ ಮೊದಲು ಬೆರಳಿಗೆ ತಿಳಿಯಬೇಕು. ಹೊಸಬರು ಇನ್ನೂ ಅಂಕಿ ಓದುತ್ತಿರುವಾಗಲೇ ಗೇಜಪ್ಪ ಪಿನ್ನನ್ನು ಪಾಸಿನ ತಟ್ಟೆಗೋ ಕೆಂಪು ಬಣ್ಣದ ಡಬ್ಬಿಗೋ ಹಾಕಿ ಆಗಿರುತ್ತಿತ್ತು.

ನಾಲ್ಕು ತಿಂಗಳ ಹಿಂದೆ ಪಿನ್ನು ತುಂಬಿದ್ದ ಪೆಟ್ಟಿಗೆ ಟ್ರಾಲಿಯಿಂದ ಜಾರಿ ಅವನ ಬಲಗೈಯ ಮೂರು ಬೆರಳುಗಳನ್ನು ಅಪ್ಪಚ್ಚಿ ಮಾಡಿತು. ಆಸ್ಪತ್ರೆಯವರು ಮೂಳೆ ಕೂಡಿಸಿದರು, ನರ ಹೊಲಿದರು. ಬೆರಳುಗಳು ಮಡಚಿದವು, ಬಿಡಿಸಿದವು, ಆದರೆ ತುದಿಗಳು ಮಾತ್ರ ಯಾರದೋ ಮನೆಯ ನೆಂಟರಂತೆ ಸುಮ್ಮನೆ ಕೂತವು. ಬಿಸಿ ಲೋಟ ಮುಟ್ಟಿದರೂ ಅಷ್ಟೆ, ತಣ್ಣೀರು ಮುಟ್ಟಿದರೂ ಅಷ್ಟೆ. ಇನ್ನು ಕಂಪನಿಯ ಡಾಕ್ಟರು ನೋಡಿ ಬರೆಯಬೇಕು: ಅಳತೆಯ ಬೆಂಚೋ, ಗೇಟೋ. ಗೇಟು ಎಂದರೆ ಒಂದು ಸ್ಟೂಲು, ಒಂದು ಪುಸ್ತಕ, ಒಳಗೆ ಬರುವ ಲಾರಿಗಳ ನಂಬರು. ಅಲ್ಲಿ ಕೂತ ಯಾವನೂ ಬೆಂಚಿಗೆ ವಾಪಸು ಬಂದದ್ದನ್ನು ಗೇಜಪ್ಪ ನೋಡಿರಲಿಲ್ಲ.

ರಬ್ಬರ್ ಚೆಂಡು ಹಿಸುಕಿ ಹಿಸುಕಿ ಅವನು ಬೇಸತ್ತಿದ್ದಾಗ, ಬೆರಳಿನ ವ್ಯಾಯಾಮ ಮಾಡಿಸುವ ಮೇಡಂ ಒಂದು ದಾರಿ ಹೇಳಿದ್ದರು. "ಹೆಣಿಗೆ ಕಲೀರಿ ಸಾರ್. ಒಂದು ಜೊತೆ ಸಾದಾ ಕಾಲುಚೀಲ. ಬೆರಳಿಗೆ ದಾರ ತಿಳೀದೆ ಅದು ನೀಟಾಗಿ ಬರೋದೇ ಇಲ್ಲ. ಕಂಪನಿ ಡಾಕ್ಟ್ರಿಗೆ ನಾನೇ ಕಾಗದ ಬರೀತೀನಿ. ಆ ಜೊತೆ ನೋಡಿ ತೀರ್ಮಾನ ಮಾಡಲಿ."

ಅಳತೆಗೆ ಹೆಂಡತಿಯ ಕಾಲು ಇದ್ದೇ ಇತ್ತು, ಕಲಿಸಲು ಅವಳ ಬಾಯಿಯೂ ಇತ್ತು. ಹುಡುಗಿಯಾಗಿದ್ದಾಗಿನಿಂದ ಹೆಣೆದವಳು ಅವಳು. ಮಾತಾಡುತ್ತ, ಜಗಳವಾಡುತ್ತ, ತೂಕಡಿಸುತ್ತಲೂ ಹೆಣೆಯಬಲ್ಲಳು. ಗೇಜಪ್ಪ ಅವಳ ಪಾದವನ್ನು ಕ್ಯಾಲಿಪರಿನಲ್ಲಿ ಹನ್ನೆರಡು ಕಡೆ ಅಳೆದು, ಚಿತ್ರ ಬರೆದು, ಉಕ್ಕಿನ ಕಸುಬಿನಂತೆ ಸುತ್ತಲೂ ಎರಡು ಮಿಲಿಮೀಟರ್ ಸಡಿಲ ಬಿಟ್ಟು ಲೆಕ್ಕ ಹಾಕಿದ. ಒಂದು ಗೇಣು ಹೆಣೆದ ಮೇಲೆ ಅವಳು ಕಾಲಿಗೇರಿಸಿ ಎದ್ದು ನಿಂತಳು. ಅದು ಚೀಲದಂತೆ ಜೋತು ನೆಲಕ್ಕೆ ಇಳಿಯಿತು.

"ಕಾಲುಚೀಲ ಕಾಲಿಗಿಂತ ಚಿಕ್ಕದಿರಬೇಕು ಕಣ್ರೀ. ಎಳ್ಕೊಂಡು ಕೂರಬೇಕು. ಇದೇನು ಪೈಪಾ?"

"ಮೊದಲೇ ಹೇಳೋಕೇನಾಗಿತ್ತು?"

"ನೀವು ಕೇಳೋಕೇನಾಗಿತ್ತು?"

ಅವಳು ದಾರದ ತುದಿ ಹಿಡಿದು ಎಳೆದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎಂಟು ದಿನದ ಕೆಲಸ ಸರ್‍ರನೆ ಬಿಚ್ಚಿಕೊಂಡು ಉಂಡೆಗೆ ವಾಪಸು ಹೋಗುವುದನ್ನು ನೋಡಿ ಗೇಜಪ್ಪನಿಗೆ ಮೈ ಪರಚಿಕೊಳ್ಳುವಂತಾಯಿತು.

ಅದಾದ ಮೇಲೆ ಮೊದಲಿನಿಂದ ಶುರುಮಾಡಿದ್ದರದೇ ಈ ಹದಿನೇಳನೆಯ ಸುತ್ತು. ಅವನು ಕುರ್ಚಿಯ ಕೆಳಗಿಂದ ಉಂಡೆ ಹೆಕ್ಕಿ, ಜಾರಿದ ಕುಣಿಕೆಯನ್ನು ಕೊಕ್ಕೆ ಕಡ್ಡಿಯಲ್ಲಿ ಹೇಗೋ ಹಿಡಿದು ಮೇಲಕ್ಕೆ ತಂದ. ಒಂದು ಎಳೆ ತಪ್ಪಿಹೋಗಿ ಅಲ್ಲೊಂದು ತೂತು ಉಳಿಯಿತು. ಜೇಬಿನ ನೋಟುಪುಸ್ತಕ ತೆಗೆದು ಎಡಗೈಯಲ್ಲಿ ಬರೆದುಕೊಂಡ: ಸುತ್ತು ಹದಿನೇಳು, ಎರಡನೇ ಕಡ್ಡಿ, ಒಂಬತ್ತನೇ ಕುಣಿಕೆ, ಎಳೆ ತಪ್ಪಿದೆ. ಇದು ಅವನ ಕಸುಬಿನ ರೀತಿ. ತಪಾಸಣೆಯವನು ತಪ್ಪನ್ನು ಗುರುತು ಹಾಕಬೇಕು, ರಿಪೇರಿಗೆ ಕೈ ಹಾಕಬಾರದು. ಹಿಂದಿರುಗಿಯೂ ನೋಡಬಾರದು, ಕೊನೆಯ ತಪಾಸಣೆ ಮಾಲು ಪೂರ್ತಿಯಾದ ಮೇಲೆಯೇ.

ಮೊದಲನೇ ಕಾಲುಚೀಲ ಮುಗಿಯಲು ಐದು ವಾರ ಹಿಡಿಯಿತು. ಹಿಮ್ಮಡಿ ತಿರುಗಿಸುವಲ್ಲಿ ಮೂರು ದಿನ ಊಟ ರುಚಿಸಲಿಲ್ಲ. ಆದರೂ ಮುಗಿಯಿತು. ಮೇಲಿನ ಪಟ್ಟಿ ಬಿಗಿಯಾಗಿ, ಮೈ ನಯವಾಗಿ, ಅಂಗಡಿಯದನ್ನು ನಾಚಿಸುವಂತಿತ್ತು. ಅವನು ಅದನ್ನು ಎಡಗೈಗೆ ತೊಡಿಸಿಕೊಂಡು ಮನೆಯಲ್ಲೆಲ್ಲ ಓಡಾಡಿದ. ಪಕ್ಕದ ಮನೆಯ ಅಂಚೆಯವನು ಬಂದಾಗ ಕೇಳದಿದ್ದರೂ ತೋರಿಸಿದ. ಡಾಕ್ಟರ ತಪಾಸಣೆಗೆ ಇನ್ನು ಇಪ್ಪತ್ತು ದಿನವಿತ್ತು. ಒಂದು ಸಲ ಕೈ ಕುದುರಿದ ಮೇಲೆ ಇನ್ನೊಂದು ಚೀಲ ಯಾವ ಮಹಾ ಎಂದು ಅವನಿಗೆ ಧೈರ್ಯ ಬಂದಿತ್ತು.

ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು, ಭೂತಗನ್ನಡಿ ಹಿಡಿದು, ನೋಟುಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೊನೆಯ ತಪಾಸಣೆಗೆ ಕೂತ. ಪುಸ್ತಕದಲ್ಲಿ ಹನ್ನೊಂದು ತಪ್ಪು ಇತ್ತು. ಒಂಬತ್ತನೇ ಸುತ್ತಿನ ತಿರುಚಿದ ಕುಣಿಕೆ ಹುಡುಕಿದ. ಸಿಗಲಿಲ್ಲ. ಎಣಿಕೆ ತಪ್ಪಿತೆಂದು ಮೇಲಿನ ಪಟ್ಟಿಯಿಂದ ಮತ್ತೆ ಎಣಿಸಿದ. ಹದಿನೇಳನೇ ಸುತ್ತಿಗೆ ಬಂದ. ತೂತಿರಬೇಕಾದ ಕಡೆ ಮೂರು ಕುಣಿಕೆಗಳು ಅಕ್ಕತಂಗಿಯರಂತೆ ಒತ್ತಿ ಕೂತಿದ್ದವು. ಇಪ್ಪತ್ತೆಂಟು, ಮೂವತ್ತಾರು, ಹಿಮ್ಮಡಿಯ ಎರಡು, ಅಡಿಯ ಐದು, ಒಂದೂ ಇರಲಿಲ್ಲ. ಅವನ ಇಪ್ಪತ್ತಾರು ವರ್ಷದಲ್ಲಿ ಬರೆದ ತಪ್ಪು ಮಾಲಿನಲ್ಲಿ ಇಲ್ಲದಿದ್ದ ದಿನ ಒಂದೂ ಇರಲಿಲ್ಲ.

ಅವನಿಗೆ ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಆಮೇಲೆ ಸಿಟ್ಟು ಬಂತು.

"ಲೇ, ಬಾ ಇಲ್ಲಿ."

ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಭೂತಗನ್ನಡಿ, ಪುಸ್ತಕ, ಕಾಲುಚೀಲ ಮೂರನ್ನೂ ನೋಡಿದಳು. ಸುಳ್ಳು ಹೇಳುವ ಜಾತಿಯಲ್ಲ ಅವಳು.

"ನೀವು ಬೆಳಿಗ್ಗೆ ನಡೆಯೋಕೆ ಹೋದಾಗ ಸರಿ ಮಾಡ್ತಿದ್ದೆ."

"ಹನ್ನೊಂದೂ?"

"ಹನ್ನೊಂದಲ್ಲ, ಹದಿನೆಂಟು. ಏಳು ನಿಮ್ಮ ಕಣ್ಣಿಗೆ ಬಿದ್ದಿರಲಿಲ್ಲ."

ಇದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. "ನನ್ನ ಕೈ ವಾಸಿಯಾಗ್ತಿದೆ ಅಂತ ಊರಿಗೆಲ್ಲ ತೋರಿಸ್ಕೊಂಡು ಬಂದೆನಲ್ಲೇ! ಅಂಚೆಯವನಿಗೂ ತೋರಿಸಿದೆ. ನೀನು ಪಕ್ಕದಲ್ಲಿ ನಿಂತ್ಕೊಂಡು ಹಲ್ಲು ಬಿಡ್ತಿದ್ದೆ."

"ಬಿಟ್ಟೆ. ಏನೀಗ?" ಅವಳೂ ದನಿಯೇರಿಸಿದಳು. "ಆಸ್ಪತ್ರೆಯಿಂದ ಬಂದ ಮೇಲೆ ನೀವು ಎಷ್ಟು ದಿನ ಬಾಯಿ ಬಿಡಲಿಲ್ಲ, ಲೆಕ್ಕ ಇದೆಯಾ ನಿಮ್ಮ ಪುಸ್ತಕದಲ್ಲಿ? ಗೋಡೆ ನೋಡ್ಕೊಂಡು ಕೂತಿರ್ತಿದ್ರಿ. ಇಟ್ಟಿದ್ದು ತಿಂದು ಏಳ್ತಿದ್ರಿ. ಮೊದಲನೇ ಸಲ ಒಂದು ಕುಣಿಕೆ ಸರಿ ಮಾಡಿಟ್ಟೆ. ಅವತ್ತು ನೀವು ಅದನ್ನ ಎತ್ಕೊಂಡು ಸವರಿ ನೋಡಿ, ಪರವಾಗಿಲ್ಲ ಕಣೇ ಅಂದ್ರಿ. ಮಧ್ಯಾಹ್ನ ಊಟಕ್ಕೆ ಕೂತು ಉಪ್ಪು ಕಮ್ಮಿ ಅಂತ ಬೈದ್ರಿ. ನನಗೆ ಎಷ್ಟು ಸಂತೋಷ ಆಯ್ತು ಗೊತ್ತಾ? ಉಪ್ಪು ಸರಿಯಾಗೇ ಇತ್ತು."

ಗೇಜಪ್ಪ ನೋಟುಪುಸ್ತಕ ಮುಚ್ಚಿ ಎದ್ದು ಹೊರಗೆ ಹೋದ.

ಎರಡನೇ ಕಾಲುಚೀಲ ಉಪಕರಣದ ಪೆಟ್ಟಿಗೆ ಸೇರಿತು. ಹೆಣೆಯುವಾಗಷ್ಟೇ ಹೊರಗೆ, ಉಳಿದ ಹೊತ್ತು ಬೀಗದೊಳಗೆ, ಬೀಗದ ಕೈ ಜೇಬಿನಲ್ಲಿ. ದಿನಕ್ಕೆ ಏಳೆಂಟು ಗಂಟೆ ಕೂತ. ಅಳೆದು ತೂಗಿ ಕೆಲಸ ಮಾಡುವವನು ಈಗ ಹಲ್ಲು ಕಚ್ಚಿಕೊಂಡು ಹೆಣೆಯುತ್ತಿದ್ದ. ಕುಣಿಕೆ ಜಾರುವುದು ನಿಲ್ಲಲಿಲ್ಲ. ಸಡಿಲವಾಯಿತೆಂದು ದಾರ ಬಿಗಿದರೆ ಕಡ್ಡಿ ಒಳಗೇ ಹೋಗುತ್ತಿರಲಿಲ್ಲ. ಯಾವ ಬೆರಳು ಎಷ್ಟು ಎಳೆಯುತ್ತಿದೆಯೆಂದು ಬೆರಳು ಹೇಳುತ್ತಿರಲಿಲ್ಲ, ಹೆಣೆದಾದ ಮೇಲೆ ಕಣ್ಣು ಹೇಳುತ್ತಿತ್ತು. ನೋಟುಪುಸ್ತಕದಲ್ಲಿ ಬರೆಯುವುದನ್ನು ಮೂವತ್ತನೇ ತಪ್ಪಿನ ನಂತರ ಬಿಟ್ಟ. ಒಮ್ಮೆ ಕಡ್ಡಿಯ ತುದಿ ತೋರುಬೆರಳಿಗೆ ಚುಚ್ಚಿ ಉಣ್ಣೆಗೆ ಕೆಂಪು ಹತ್ತಿದ ಮೇಲೆಯೇ ಅವನಿಗೆ ಚುಚ್ಚಿದ್ದು ತಿಳಿದದ್ದು. ಹೆಂಡತಿ ಎದುರಿನ ಕುರ್ಚಿಯಲ್ಲಿ ಕೂತು ಸಂಕಟಪಡುತ್ತಿದ್ದಳು. ಕಣ್ಣೆದುರೇ ಕುಣಿಕೆ ಇಳಿಯುವುದನ್ನು ನೋಡಿ ಸುಮ್ಮನಿರುವುದು ಅವಳಿಗೆ ಹಾಲು ಉಕ್ಕುವುದನ್ನು ನೋಡುತ್ತ ಕೂತಂತೆ.

"ಎರಡನ್ನೂ ತಗೊಂಡು ಹೋಗಿ. ಆದ್ರೆ ಮೊದಲನೇದು ಮಾತ್ರ ತೋರಿಸಿ," ಎಂದಳು ಹೊರಡುವ ಹಿಂದಿನ ದಿನ. ದನಿ ತಗ್ಗಿತ್ತು. "ಬೆಂಚಲ್ಲಿ ಕೂತ್ರೆ ಕೈ ತಾನೇ ಕುದುರುತ್ತೆ. ಗೇಟಲ್ಲಿ ಕೂತ್ರೆ ನೀವು ಮತ್ತೆ ಗೋಡೆ ನೋಡ್ತೀರಿ. ನನ್ನ ಕೈಲಿ ಆಗಲ್ಲ ರೀ."

ಮರುದಿನ ಬೆಳಿಗ್ಗೆ ಎರಡನ್ನೂ ಚೀಲಕ್ಕೆ ಹಾಕಿಕೊಳ್ಳುವಾಗ ಒಳ್ಳೆಯದನ್ನು ಮೇಲೆ ಇಟ್ಟುಕೊಂಡವನು ಅವನೇ.

ಕಂಪನಿಯ ಡಾಕ್ಟರ ಕೋಣೆಯ ಹೊರಗೆ ಹತ್ತು ಮಂದಿ ಕಾದಿದ್ದರು. ಹೆಂಡತಿ ಬೆಂಚಿನಲ್ಲಿ ಕೂತಳು, ಅವನು ಒಳಗೆ ಹೋದ. ಡಾಕ್ಟರು ವಯಸ್ಸಾದವರು, ಕೆಟ್ಟವರೇನಲ್ಲ, ದಣಿದಿದ್ದರು. ಬೆರಳು ಮಡಚಿಸಿದರು, ಮುಷ್ಟಿ ಹಿಡಿಸಿದರು. ವ್ಯಾಯಾಮದ ಮೇಡಂ ಬರೆದ ಕಾಗದ ಓದಿ, "ಎಲ್ಲಿ, ನಿಮ್ಮ ಕಾಲುಚೀಲ?" ಎಂದು ಕೈ ಚಾಚಿದರು.

ಗೇಜಪ್ಪ ಚೀಲಕ್ಕೆ ಕೈ ಹಾಕಿದ. ಮೇಲೆ ಇದ್ದದ್ದು ಬಂತು.

ಡಾಕ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಹಿಮ್ಮಡಿಯನ್ನು ಎಳೆದು ನೋಡಿದರು. ಮುಖ ಅರಳಿತು. "ಭೇಷ್! ನಮ್ಮ ಮನೇಲೂ ಹೆಣೀತಾರೆ, ಹೀಗೆ ಬರಲ್ಲ. ಬೆರಳಿಗೆ ಸ್ಪರ್ಶ ಬರದೆ ಇದು ಆಗೋ ಕೆಲಸ ಅಲ್ಲ." ಎಂದು ಪೆನ್ನಿನ ಮುಚ್ಚಳ ತೆಗೆದರು. "ಜೊತೆಯದನ್ನ ನೋಡೋದೇ ಬೇಡ, ಬೆಂಚಿಗೇ ಬರೀತೀನಿ. ಸೋಮವಾರದಿಂದ ಹೋಗಿ."

ಬೇಕಾದದ್ದು ಕೈಗೆ ಬಂದಿತ್ತು. ಗೇಜಪ್ಪನಿಗೆ ಕಾರ್ಖಾನೆಯ ಬೆಂಚು ಕಣ್ಣಿಗೆ ಕಟ್ಟಿತು, ಎಣ್ಣೆಯ ವಾಸನೆ ಮೂಗಿಗೆ ಬಂದಂತಾಯಿತು. ಪಾಸಿನ ತಟ್ಟೆಯಲ್ಲಿ ಸಾಲಾಗಿ ಮಲಗಿದ ಪಿನ್ನುಗಳು. ಅವುಗಳಲ್ಲಿ ಯಾವುದು ಕೂದಲೆಳೆಯಷ್ಟು ಸಣ್ಣ ಎಂದು ಈ ಬೆರಳು ಹೇಳಲಾರದು. ಅದು ಹೋಗಿ ಯಾವ ಬಸ್ಸಿನ ಬ್ರೇಕಿನಲ್ಲಿ ಕೂರುತ್ತದೋ.

"ಸಾರ್, ಸ್ವಲ್ಪ ತಡೀರಿ."

ಡಾಕ್ಟರು ಪೆನ್ನು ಕಾಗದಕ್ಕೆ ಊರಿ ತಲೆಯೆತ್ತಿದರು.

"ಅದು ನನ್ನದಲ್ಲ. ಹೆಣೆದಿದ್ದು ನಾನೇ. ಸರಿ ಮಾಡಿದ್ದು ನನ್ನ ಹೆಂಡತಿ." ಚೀಲದ ತಳದಿಂದ ಎರಡನೆಯದನ್ನು ತೆಗೆದು ಮೇಜಿನ ಮೇಲಿಟ್ಟ. "ಇದು ನನ್ನದು."

ಅದು ಕಾಲುಚೀಲವೆಂದು ಹೇಳಿದರಷ್ಟೇ ಗೊತ್ತಾಗುವಂತಿತ್ತು. ಒಂದು ಕಡೆ ಮುದುಡಿ, ಇನ್ನೊಂದು ಕಡೆ ಜೋತು, ನಡುವೆ ಏಣಿಗಳು. ಡಾಕ್ಟರು ಅದನ್ನೂ ಅವನನ್ನೂ ನೋಡಿ ಬಾಗಿಲ ಕಡೆ ಕಣ್ಣು ಹಾಯಿಸಿದರು. "ನೀವು ಇದನ್ನ ತೋರಿಸಲೇಬೇಕು ಅಂತೇನಿರಲಿಲ್ಲ ಕಣ್ರೀ," ಎಂದರು ಮೆಲ್ಲಗೆ. "ಈಗಲೂ ಒಳಗಿಟ್ಕೊಳ್ಳಿ ಬೇಕಾದ್ರೆ."

ಗೇಜಪ್ಪ ಕೈಕಟ್ಟಿ ಕೂತ. ಡಾಕ್ಟರು ನಿಟ್ಟುಸಿರು ಬಿಟ್ಟು ಬರೆದರು. ಬರೆದದ್ದು ಒಂದೇ ಸಾಲು.

ಹೊರಗೆ ಬಂದಾಗ ಹೆಂಡತಿ ಅವನ ಮುಖ ನೋಡಿಯೇ ಎಲ್ಲ ಓದಿಕೊಂಡಳು. "ಗೇಟಾ?"

"ಗೇಟು. ಆರು ತಿಂಗಳು ಬಿಟ್ಟು ಮತ್ತೆ ನೋಡ್ತಾರಂತೆ."

"ತೋರಿಸಿದ್ರಿ ಅಲ್ವಾ, ಆ ಹಾಳು ಎರಡನೇದನ್ನ!" ಬೆಂಚಿನಲ್ಲಿ ಕಾದಿದ್ದವರೆಲ್ಲ ತಿರುಗಿ ನೋಡಿದರು. "ಎಲ್ಲಾರೂ ತಮ್ಮ ಹೊಟ್ಟೆಪಾಡು ನೋಡ್ಕೋತಾರೆ. ನಿಮಗೆ ಮಾತ್ರ ಜಗತ್ತಿನ ಅಳತೆಯೆಲ್ಲ ಸರಿಯಿರಬೇಕು." ಅವಳ ಕಣ್ಣು ತುಂಬಿತ್ತು. ಚೀಲವನ್ನು ಕಿತ್ತುಕೊಂಡು ಒಳಗೆ ನೋಡಿದಳು. "ಚೆನ್ನಾಗಿದ್ದುದು ಎಲ್ಲಿ?"

"ಅಲ್ಲೇ ಮೇಜಿನ ಮೇಲೆ ಉಳೀತು. ತರಲಾ?"

"ಬೇಡ. ನೀವು ಮತ್ತೆ ಒಳಗೆ ಹೋದ್ರೆ ಇನ್ನೇನು ಹೇಳಿ ಬರ್ತೀರೋ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಎಡಗಾಲಿನ ಚಪ್ಪಲಿ ಕಳಚಿ, ಆ ಸೊಟ್ಟ ಕಾಲುಚೀಲವನ್ನು ಕಾಲಿಗೆ ಎಳೆದುಕೊಂಡಳು. ಹೆಬ್ಬೆರಳು ತೂತಿನಿಂದ ಹೊರಗೆ ಇಣುಕಿತು.

"ಬಿಗಿಯಾಯ್ತಾ?" ಎಂದ ಗೇಜಪ್ಪ.

"ಕಚ್ಚುತ್ತೆ," ಎಂದಳು. ಆದರೆ ತೆಗೆಯಲಿಲ್ಲ. ಅದರ ಮೇಲೆಯೇ ಚಪ್ಪಲಿ ಮೆಟ್ಟಿಕೊಂಡು, ಏಳಲು ಅವನತ್ತ ಕೈ ಚಾಚಿದಳು.

ಅವನು ಬಲಗೈ ಕೊಟ್ಟ. ಅವಳ ಬೆರಳು ಕೈಯೊಳಗೆ ಬಂದದ್ದು ಅವನಿಗೆ ತಿಳಿಯಲಿಲ್ಲ. ಬಗ್ಗಿ ಕಣ್ಣಿನಿಂದ ನೋಡಿ, ಹಿಡಿದಿದ್ದೇನೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಮೇಲಕ್ಕೆತ್ತಿದ.