ಸೀಳುವವನ ಪಾಲಿನ ಕಲ್ಲು

ನೊಣ ಮಸಿಗೆರೆಯ ಮೇಲೆ ನಡೆಯುತ್ತಿದೆ, ತಮಿನಳ ಎಡಪಕ್ಕೆಯಲ್ಲಿ ಲಿಪಿಕಾರ ಈಗಷ್ಟೇ ಎಳೆದ ಗೆರೆ, ಇಷ್ಟೇ ಸೀಳು, ಉದ್ದ ಬೇಡ ಎಂದ, ನನಗೇ ಹೇಳಿಕೊಡುತ್ತಾನೆ — ಹೋಗು ನೊಣವೇ, ಇವಳು ನನ್ನ ತಂಗಿ, ಆದರೂ ನಾನೇ ಕೊಯ್ಯಬೇಕು, ಹೆಣ ಕೆಡದಂತೆ ಒಳಗಿನದನ್ನು ತೆಗೆಯಲು ಪಕ್ಕೆ ಸೀಳುವವನು ಊರಿಗೆ ನಾನೊಬ್ಬನೇ, ಕೊಯ್ದ ಕೂಡಲೇ ಓಡಬೇಕು, ಸತ್ತವರ ಮೈಗೆ ಗಾಯ ಮಾಡಿದ ಪಾಪಿ ಎಂದು ಬಂಧುಗಳು ಕಲ್ಲು ಹೊಡೆಯಬೇಕು, ಕಾಲಬುಡಕ್ಕೆ ಬೀಳುವ ಹಾಗೆ ಹೊಡೆಯುತ್ತಾರೆ, ಸಂಜೆ ಅವರೇ ಕರೆದು ಬಾರ್ಲಿ ಹೆಂಡ ಕೊಡುತ್ತಾರೆ, ಚಿಕ್ಕಂದಿನಲ್ಲಿ ನಮ್ಮ ಆಟವೂ ಇದೇ, ತಮಿನ್ ಒಣ ಸಗಣಿ ಎಸೆಯುತ್ತ, ಓಡೋ ಪಾಪಿ, ಓಡೋ ಅಂತ ನಗುವಳು. ಇವತ್ತು ಡೇರೆಯ ಬಾಗಿಲಲ್ಲಿ ಕಲ್ಲು ಹಿಡಿದು ಅವ್ವ ನಿಂತಿದ್ದಾಳೆ, ನೆರೆಯವರಿದ್ದಾರೆ, ತಮಿನಳ ಗಂಡ ಇನರೋಸ್ ಇದ್ದಾನೆ, ಜ್ವರ ಬಂದು ಹೋಗ್ಬಿಟ್ಲು ಭಾವ, ಬೇಗ ಮುಗ್ಸು, ಬಿಸಿಲು ಜೋರಾಗ್ತಿದೆ ಅನ್ನುತ್ತಾನೆ. ಅವಳ ಕರುಳು, ಯಕೃತ್ತು ತುಂಬಿಡಲು ಅವನು ತಂದ ನಾಲ್ಕು ಭರಣಿ ಬಾಯಿ ತೆರೆದು ಕೂತಿವೆ, ಮುಚ್ಚಳಗಳಲ್ಲಿ ಮನುಷ್ಯನ ತಲೆ, ಕೋತಿಯದು, ನರಿಯದು, ಗಿಡುಗನದು, ಅವಳು ಬದುಕಿದ್ದಾಗ ಒಂದು ಬಳೆ ತರದವನು. ಕರಿಗಲ್ಲಿನ ಅಲಗು ಒತ್ತಿ ಎಳೆದೆ, ಹೆಣದಿಂದ ರಕ್ತ ಜಿನುಗುತ್ತದೆ ಅಷ್ಟೇ — ಇದೇನಿದು, ಭಳ್ಳನೆ ಬಂತು, ಕಪ್ಪಗೆ, ಗಡ್ಡೆಗಡ್ಡೆಯಾಗಿ, ಹೊಟ್ಟೆ ತುಂಬ ಅದೇ, ಇಂಥ ಹೊಟ್ಟೆ ಹಿಂದೊಮ್ಮೆ ಕೊಯ್ದಿದ್ದೇನೆ, ಕತ್ತೆ ಒದ್ದು ಸತ್ತವನದು, ಇನರೋಸ್ ಒದ್ದಿದ್ದಾನೆ, ನನ್ನ ತಂಗಿಯನ್ನು ಒದ್ದು ಕೊಂದಿದ್ದಾನೆ.

ಓಡು ಎನ್ನುತ್ತಾನೆ ಲಿಪಿಕಾರ, ಓಡಿದರೆ ಲಿಪಿಕಾರನ ಕಡೆಯವರು ಖರ್ಜೂರದ ಹೆಂಡದಲ್ಲಿ ಹೊಟ್ಟೆ ತೊಳೆಯುತ್ತಾರೆ, ಯಕೃತ್ತನ್ನು ಭರಣಿಗೆ ಹಾಕಿ ಮುಚ್ಚಳ ಮೆತ್ತುತ್ತಾರೆ, ಅಲ್ಲಿಗೆ ಜ್ವರವೇ ನಿಜವಾಗುತ್ತದೆ, ಓಡಲಿಲ್ಲ, ಇನರೋಸನ ಕಲ್ಲು ಬಂತು, ಕಾಲಬುಡಕ್ಕಲ್ಲ, ಕಿವಿಯ ಮೇಲೆ, ಇನ್ನೊಂದು ಬಾಯಿಗೆ, ಹಲ್ಲು ನಾಲಗೆಯ ಮೇಲೆ ಉರುಳುತ್ತಿದೆ, ಮಾತು ಬರುತ್ತಿಲ್ಲ, ಬಂದರೂ ಸೀಳಿದವನ ಮಾತು ಯಾರು ಕೇಳುತ್ತಾರೆ — ತಂಗಿಯ ರಕ್ತ ಅವಳು ಮಲಗಿದ ಕಲ್ಲುಹಾಸಿನಿಂದ ಇಳಿದು, ಮರಳಿನಲ್ಲಿ ಹರಿದು ಅವ್ವನ ಬರಿಗಾಲಿಗೆ ತಾಗಿತು, ಅವ್ವ ಬಗ್ಗಿ ನೋಡುತ್ತಾಳೆ, ಹೆಣ ಸೀಳಿ ಬಂದ ಅಪ್ಪನ ಬಟ್ಟೆ, ನನ್ನ ಬಟ್ಟೆ ಒಗೆದೊಗೆದು ಅವಳಿಗೆ ಗೊತ್ತು ಹೆಣದ ರಕ್ತ ಎಷ್ಟೆಂದು, ಜ್ವರ ಅಂದ್ಯಲ್ಲಪ್ಪಾ ಅಂದಳು, ಮೆಲ್ಲಗೆ, ಊಟಕ್ಕೆ ಕರೆದ ಹಾಗೆ. ಇನರೋಸ್ ಹಿಂದೆ ಸರಿದ, ತಿರುಗಿದ, ಓಡಬೇಕಾದವನು ನಾನು, ಓಡುತ್ತಿರುವವನು ಅವನು, ಅವ್ವನ ಕಲ್ಲು ಅವನ ನೆತ್ತಿಗೇ ಬಿತ್ತು, ಅವನು ಏಳುವ ಮುಂಚೆ ನೆರೆಯವರದು, ತಲೆಬುರುಡೆ ಒಡೆದ ಸದ್ದು, ಅವ್ವ ಬಾಗಿ ಅದೇ ಕಲ್ಲನ್ನು ಮತ್ತೆ ಎತ್ತಿಕೊಳ್ಳುತ್ತಾಳೆ, ಸಾಕವ್ವಾ ಅನ್ನಬೇಕು, ಅನ್ನಲಾರೆ, ಅನ್ನುವ ಮನಸ್ಸಿಲ್ಲ, ನನಗೆ ಕಾಣುವುದು ತಂಗಿಯ ಪಕ್ಕೆ, ನಾನು ತೆರೆದ ಬಾಯಿ, ರಕ್ತ ಬರುತ್ತಲೇ ಇದೆ, ಕಪ್ಪಗೆ, ಗಡ್ಡೆಗಡ್ಡೆಯಾಗಿ, ಬರುತ್ತಲೇ ಇದೆ